ಒಳಬರುವ ಇ-ಮೇಲ್ ವೆಬ್‌ಹುಕ್‌ಗಳ ಅನುಕರಣೆ

ಒಂದು ವಿಳಾಸಕ್ಕೆ ಬಂದ ಇ-ಮೇಲನ್ನು ಮಧ್ಯದ ಸೇವೆಯೊಂದು ಸ್ವೀಕರಿಸಿ, ಬಿಡಿಸಿ, ಅದರ ವಿವರಗಳನ್ನು ಎಚ್‌ಟಿಟಿಪಿ ವಿನಂತಿಯ ರೂಪದಲ್ಲಿ ಬೇರೊಂದು ತಂತ್ರಾಂಶಕ್ಕೆ ಒಪ್ಪಿಸುವ ವ್ಯವಸ್ಥೆಗೆ ಒಳಬರುವ ಇ-ಮೇಲ್ ವೆಬ್‌ಹುಕ್ ಎನ್ನುತ್ತಾರೆ. ನಿಜವಾದ ಮೇಲ್ ಬರಲೆಂದು ಕಾಯದೆ, ಅಂಥದೇ ವಿನಂತಿಯನ್ನು ತನ್ನ ಕಂಪ್ಯೂಟರಿನಲ್ಲಿ ತಾನೇ ಕಟ್ಟಿ, ಅದೇ ಕಂಪ್ಯೂಟರಿನಲ್ಲಿ ಓಡುತ್ತಿರುವ ತಂತ್ರಾಂಶಕ್ಕೆ ಕೊಟ್ಟು ನೋಡುವುದು ಅದರ ಅನುಕರಣೆ. ದೂರು ಮೇಲ್ ಮಾಡಿದ ಕೂಡಲೇ ದೂರಿನ ಸಂಖ್ಯೆ ಹುಟ್ಟುವ ಸಹಾಯ ಕೇಂದ್ರ, ಮೇಲ್‌ನಲ್ಲಿ ಬರೆದ ಉತ್ತರ ನೇರವಾಗಿ ಕಚೇರಿಯ ಚರ್ಚೆಗೆ ಸೇರುವ ತಂತ್ರಾಂಶ, ಬಿಲ್ಲಿನ ಪಿಡಿಎಫ್ ಕಳಿಸಿದರೆ ಲೆಕ್ಕಕ್ಕೆ ಏರಿಸಿಕೊಳ್ಳುವ ವ್ಯವಸ್ಥೆ, ಹೀಗೆ ಹಲವು ಕೆಲಸಗಳು ಈ ಏರ್ಪಾಡಿನ ಮೇಲೆ ನಿಂತಿವೆ.

ಅನುಕರಣೆಯ ತಾಂತ್ರಿಕ ಭಾಗ ಸುಲಭ. ಕಷ್ಟ ಇರುವುದು ಯಾವ ಮೇಲನ್ನು ಅನುಕರಿಸಬೇಕು ಎಂಬಲ್ಲಿ. ಸೇವೆಗಳು ತಮ್ಮ ಕೈಪಿಡಿಗಳಲ್ಲಿ ಕೊಡುವ ಮಾದರಿಗಳು ಇಂಗ್ಲಿಷಿನವು, ಚಿಕ್ಕವು, ಚೊಕ್ಕವು. ಅವನ್ನೆಲ್ಲ ದಾಟಿಸಿದ ತಂತ್ರಾಂಶ ಸಿಂಧನೂರಿನ ಅಕ್ಕಿ ಗಿರಣಿಯ ಗುಮಾಸ್ತರು ಕಳಿಸಿದ ಮೊದಲ ಮೇಲಿಗೇ ಮುಗ್ಗರಿಸಬಹುದು. ಆದ್ದರಿಂದ ಈ ಲೇಖನದ ಉದಾಹರಣೆಗಳನ್ನು ರಾಯಚೂರು ಜಿಲ್ಲೆಯ ಮೂರು ತಾಲೂಕು ಕೇಂದ್ರಗಳಿಂದ ಆರಿಸಿದೆ: ಸಿಂಧನೂರು, ಲಿಂಗಸುಗೂರು, ಮಸ್ಕಿ. ಹೆಸರಿನ ಉದ್ದ, ಕಾಗುಣಿತ, ಬದಲಾದ ತಾಲೂಕು ಗಡಿ, ಊರಲ್ಲಿ ಆಡುವ ಭಾಷೆಗಳು, ಯಾವುದನ್ನು ಹಿಡಿದು ನೋಡಿದರೂ ಈ ಮೂರು ಊರುಗಳು ಪರೀಕ್ಷೆಗೆ ಒಳ್ಳೆಯ ಸಾಮಗ್ರಿ ಒದಗಿಸುತ್ತವೆ.

ಹಿನ್ನೆಲೆ

ಇ-ಮೇಲ್ ವೆಬ್‌ಗಿಂತ ಹಳೆಯದು. ರೇ ಟಾಮ್ಲಿನ್‌ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸಿದರು. ಜಾನ್ ಪೋಸ್ಟೆಲ್ 1982ರಲ್ಲಿ ಎಸ್‌ಎಂಟಿಪಿ ನಿಯಮವನ್ನು ಬರೆದರು. ಆ ಕಾಲದ ಮೇಲ್ ಏಳು ಬಿಟ್‌ಗಳ ಇಂಗ್ಲಿಷ್ ಅಕ್ಷರಗಳಿಗಷ್ಟೇ ಒಗ್ಗಿತ್ತು. ಬೇರೆ ಲಿಪಿ, ಚಿತ್ರ, ಲಗತ್ತು ಇವಕ್ಕೆ ಜಾಗ ಮಾಡಿಕೊಟ್ಟದ್ದು 1992ರಲ್ಲಿ ಬಂದು 1996ರಲ್ಲಿ ಪರಿಷ್ಕಾರಗೊಂಡ ಮೈಮ್ ಎಂಬ ನಿಯಮಗಳ ಸರಣಿ. ಮೈಮ್ ಹಳೆಯ ದಾರಿಯನ್ನು ಒಡೆಯಲಿಲ್ಲ. ಕನ್ನಡದಂಥ ಪಠ್ಯವನ್ನು ಇಂಗ್ಲಿಷ್ ಅಕ್ಷರಗಳ ವೇಷ ಹಾಕಿಸಿ ಅದೇ ಹಳೆಯ ದಾರಿಯಲ್ಲಿ ಸಾಗಿಸಿತು. ಇಂದಿಗೂ ಆ ವೇಷ ಕಳಚುವ ಕೆಲಸ ತಲುಪಿದ ಕಡೆಯಲ್ಲೇ ಆಗಬೇಕು, ಬಹಳಷ್ಟು ದೋಷಗಳು ಅಲ್ಲೇ ಹುಟ್ಟುತ್ತವೆ.

ಹಿಂದೆ ತಂತ್ರಾಂಶಕ್ಕೆ ಮೇಲ್ ತಲುಪಬೇಕಾದರೆ ಎರಡು ದಾರಿಗಳಿದ್ದವು. ಒಂದು, ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡು ಬಂದದ್ದನ್ನು ಪ್ರೋಗ್ರಾಮಿಗೆ ಹಾಯಿಸುವುದು. ಇನ್ನೊಂದು, ಅಂಚೆ ಪೆಟ್ಟಿಗೆಯನ್ನು ಕೆಲವು ನಿಮಿಷಗಳಿಗೊಮ್ಮೆ ತೆರೆದು ನೋಡುವುದು. ಜೆಫ್ ಲಿಂಡ್ಸೆ 2007ರಲ್ಲಿ ವೆಬ್‌ಹುಕ್ ಎಂಬ ಹೆಸರನ್ನು ಬಳಕೆಗೆ ತಂದ ಮೇಲೆ ಮೂರನೆಯ ದಾರಿ ಜನಪ್ರಿಯವಾಯಿತು: ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಡೊಮೇನಿನ ಎಂಎಕ್ಸ್ ದಾಖಲೆಯನ್ನು ಸೇವೆಯೊಂದರ ಕಡೆಗೆ ತಿರುಗಿಸಿದರೆ ಸಾಕು, ಮೇಲ್ ಬಂದಾಗ ಸೇವೆಯೇ ಕದ ತಟ್ಟುತ್ತದೆ. ಸೆಂಡ್‌ಗ್ರಿಡ್, ಮೇಲ್‌ಗನ್, ಪೋಸ್ಟ್‌ಮಾರ್ಕ್ ಈ ಕೆಲಸದಲ್ಲಿ ಹೆಸರಾದವು. ಅಮೆಜಾನ್ ತನ್ನ ಎಸ್‌ಇಎಸ್ ಸೇವೆಗೆ ಮೇಲ್ ಸ್ವೀಕರಿಸುವ ಅನುಕೂಲವನ್ನು 2015ರಲ್ಲಿ ಸೇರಿಸಿತು.

ವಿನಂತಿಯ ರೂಪ

ಮೇಲ್ ಒಂದೇ ಆದರೂ ಪ್ರತಿ ಸೇವೆಯೂ ಅದನ್ನು ತನ್ನದೇ ಕಟ್ಟು ಕಟ್ಟಿ ಕೊಡುತ್ತದೆ. ಪೋಸ್ಟ್‌ಮಾರ್ಕ್ ಎಲ್ಲವನ್ನೂ ಒಂದೇ ಜೇಸನ್ ಕಡತವಾಗಿ ಕಳಿಸುತ್ತದೆ. ಲಗತ್ತುಗಳೂ ಬೇಸ್64 ರೂಪದಲ್ಲಿ ಅದರೊಳಗೇ ಇರುತ್ತವೆ. ಸೆಂಡ್‌ಗ್ರಿಡ್ ವೆಬ್ ಫಾರ್ಮ್ ತುಂಬಿ ಕಳಿಸುವ ರೀತಿಯನ್ನು ಬಳಸುತ್ತದೆ. ಲಗತ್ತುಗಳು ಪ್ರತ್ಯೇಕ ಕಡತಗಳಾಗಿ ಬರುತ್ತವೆ, ಅವು ಎಷ್ಟು ಎಂಬ ಎಣಿಕೆ ಬೇರೆ ಬರುತ್ತದೆ. ಮೇಲ್‌ಗನ್ ಕೂಡ ಫಾರ್ಮಿನ ರೀತಿಯದೇ, ಜೊತೆಗೆ ಸಮಯ, ಒಂದು ಟೋಕನ್, ಒಂದು ಸಹಿ ಇರುತ್ತವೆ. ಅಮೆಜಾನ್ ಸೇವೆ ಮೇಲನ್ನು ತನ್ನ ಸಂಗ್ರಹದಲ್ಲಿ ಇಟ್ಟು, ಬಂದಿದೆ ಎಂಬ ಸೂಚನೆಯನ್ನು ಮಾತ್ರ ಕೊಡುವಂತೆ ಏರ್ಪಡಿಸಬಹುದು.

ಇದರಲ್ಲಿ ಮರೆತುಹೋಗುವ ಸಂಗತಿ ಒಂದಿದೆ. ಸೆಂಡ್‌ಗ್ರಿಡ್ ತಾನು ಬಿಡಿಸಿದ ಪಠ್ಯವನ್ನೆಲ್ಲ ಯುಟಿಎಫ್-8ಕ್ಕೆ ತಿರುಗಿಸಿ ಕೊಡುತ್ತದೆ ಎಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಅದು ಕಳಿಸಿದವರ ಸಂಕೇತ ಪದ್ಧತಿಯಲ್ಲೇ ಪಠ್ಯವನ್ನು ಇಟ್ಟು, ಯಾವ ಭಾಗ ಯಾವ ಪದ್ಧತಿಯಲ್ಲಿದೆ ಎಂಬುದನ್ನು ಬೇರೊಂದು ಅಂಕಣದಲ್ಲಿ ಹೇಳುತ್ತದೆ. ಆ ಅಂಕಣವನ್ನು ಓದದ ತಂತ್ರಾಂಶ ಇಂಗ್ಲಿಷ್ ಮೇಲಿನಲ್ಲಿ ಎಂದೂ ಸಿಕ್ಕಿಬೀಳುವುದಿಲ್ಲ.

ಕಟ್ಟುಗಳ ಈ ಭೇದದಿಂದ ಪಾರಾಗಲು ಉತ್ತಮ ಉಪಾಯವೆಂದರೆ ಕಚ್ಚಾ ಮೇಲನ್ನೇ ಕೇಳಿ ಪಡೆಯುವುದು. ಸೆಂಡ್‌ಗ್ರಿಡ್, ಮೇಲ್‌ಗನ್, ಪೋಸ್ಟ್‌ಮಾರ್ಕ್ ಮೂರರಲ್ಲೂ ಬಿಡಿಸದ ಮೂಲವನ್ನು ಪಡೆಯುವ ಆಯ್ಕೆ ಇದೆ. ಹಾಗೆ ಮಾಡಿದರೆ ಪರೀಕ್ಷೆಗೆ ಬೇಕಾದ ಮಾದರಿ ಕಡತಗಳು ಒಂದೇ ಬಗೆಯವಾಗುತ್ತವೆ. ನಾಳೆ ಸೇವೆಯನ್ನು ಬದಲಿಸಿದರೂ ಆ ಕಡತಗಳು ಉಪಯೋಗಕ್ಕೆ ಬರುತ್ತವೆ.

ಊರಲ್ಲಿ ಕೂತು ಪರೀಕ್ಷಿಸುವ ದಾರಿಗಳು

ಲಿಂಗಸುಗೂರಿನ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಂಗಳೂರಿನ ಅಥವಾ ವಿದೇಶದ ಗ್ರಾಹಕರಿಗೆ ತಂತ್ರಾಂಶ ಬರೆಯುವವರ ಎದುರು ಮೊದಲಿಗೇ ಒಂದು ಗೋಡೆ ಇರುತ್ತದೆ. ವೆಬ್‌ಹುಕ್ ಕಳಿಸುವ ಸೇವೆಗೆ ತಲುಪಬಲ್ಲ ಸಾರ್ವಜನಿಕ ವಿಳಾಸ ಬೇಕು. ಮೊಬೈಲ್ ಡಾಟಾ ಮತ್ತು ಬಹಳಷ್ಟು ಮನೆ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿರುತ್ತಾರೆ. ಇದಕ್ಕೆಂದೇ ಒಂದು ವಿಳಾಸ ಗುಂಪನ್ನು 2012ರಲ್ಲಿ ಮೀಸಲಿಟ್ಟಿದ್ದಾರೆ. ಹೊರಗಿನಿಂದ ನೇರವಾಗಿ ಈ ಲ್ಯಾಪ್‌ಟಾಪನ್ನು ಮುಟ್ಟಲಾಗದು. ಮೇಲ್ ಸರ್ವರುಗಳು ಮಾತಾಡುವ 25ನೇ ಪೋರ್ಟನ್ನೂ ಮನೆ ಸಂಪರ್ಕಗಳಲ್ಲಿ ಹೆಚ್ಚಾಗಿ ಮುಚ್ಚಿರುತ್ತಾರೆ.

ಗೋಡೆ ದಾಟಲು ಸುರಂಗ ಸೇವೆಗಳಿವೆ. ಅಲನ್ ಶ್ರೀವ್ ಬರೆದ ಎನ್‌ಗ್ರಾಕ್ 2013ರಿಂದ ಬಳಕೆಯಲ್ಲಿದೆ. ಕ್ಲೌಡ್‌ಫ್ಲೇರ್ ಕೂಡ ಅಂಥ ಅನುಕೂಲ ಕೊಡುತ್ತದೆ. ಲ್ಯಾಪ್‌ಟಾಪೇ ಹೊರಗೆ ಸಂಪರ್ಕ ಬೆಳೆಸಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೊರಗೆ ಸಿಕ್ಕ ತಾತ್ಕಾಲಿಕ ವಿಳಾಸಕ್ಕೆ ಬಂದದ್ದು ಆ ಸಂಪರ್ಕದ ಮೂಲಕ ಒಳಗೆ ಇಳಿಯುತ್ತದೆ. ಎನ್‌ಗ್ರಾಕ್ ತನ್ನ ಮೂಲಕ ಹಾದ ವಿನಂತಿಗಳನ್ನು ಅದೇ ಕಂಪ್ಯೂಟರಿನ 4040ನೇ ಪೋರ್ಟಿನಲ್ಲಿ ತೋರಿಸುತ್ತದೆ, ಒಂದು ಗುಂಡಿ ಒತ್ತಿದರೆ ಅದೇ ವಿನಂತಿಯನ್ನು ಮತ್ತೆ ಓಡಿಸುತ್ತದೆ.

ಆದರೆ ಸುರಂಗವನ್ನೇ ದಿನದ ಕೆಲಸಕ್ಕೆ ಅವಲಂಬಿಸುವುದು ಜಾಣತನವಲ್ಲ. ಒಂದು ಸಾಲು ತಿದ್ದಿದಾಗಲೆಲ್ಲ ಮೊಬೈಲಿನಿಂದ ಮೇಲ್ ಕಳಿಸಿ, ಅದು ಸೇವೆಗೆ ಹೋಗಿ, ಸೇವೆ ಬಿಡಿಸಿ, ಸುರಂಗದಲ್ಲಿ ಇಳಿದು ಬರುವ ತನಕ ಕೂತಿರಬೇಕು. ಕರೆಂಟ್ ಹೋಗಿ ರೂಟರ್ ಆರಿದರೆ ಕೆಲಸವೂ ನಿಂತಿತು. ಸುರಂಗದ ನಿಜವಾದ ಉಪಯೋಗ ಮಾದರಿ ಹಿಡಿಯುವುದು: ಪ್ರತಿ ಬಗೆಯ ಮೇಲನ್ನು ಒಂದೊಂದು ಸಲ ತರಿಸಿ, ಬಂದ ವಿನಂತಿಯನ್ನು ತಲೆಬರಹಗಳ ಸಮೇತ ಕಡತದಲ್ಲಿ ಉಳಿಸಿಕೊಳ್ಳುವುದು. ಅಲ್ಲಿಂದ ಮುಂದೆ ಕರ್ಲ್ ಎಂಬ ಆದೇಶವೊಂದರಿಂದ ಆ ಕಡತವನ್ನು ಲೋಕಲ್‌ಹೋಸ್ಟ್ ವಿಳಾಸಕ್ಕೆ ಎಷ್ಟು ಸಲ ಬೇಕಾದರೂ ಒಪ್ಪಿಸಬಹುದು. ಇಂಟರ್‌ನೆಟ್ಟೇ ಬೇಡ.

ಕರ್ಲ್ ಬಳಸುವಾಗ ಒಂದು ಎಚ್ಚರ. ಕಡತವನ್ನು ಸಾಮಾನ್ಯ ಡಾಟಾ ಆಯ್ಕೆಯಲ್ಲಿ ಕೊಟ್ಟರೆ ಅದು ಸಾಲು ಮುರಿಯುವ ಚಿಹ್ನೆಗಳನ್ನು ಕಿತ್ತುಹಾಕುತ್ತದೆ. ಕಚ್ಚಾ ಮೇಲಿನಲ್ಲಿ ತಲೆಬರಹಕ್ಕೂ ಒಡಲಿಗೂ ನಡುವೆ ಇರುವುದು ಒಂದು ಖಾಲಿ ಸಾಲು ಮಾತ್ರ. ಅದು ಹೋದರೆ ಮೇಲೇ ಹೋಯಿತು. ಬೈನರಿ ಎಂಬ ಆಯ್ಕೆಯನ್ನೇ ಬಳಸಬೇಕು.

ಎಸ್‌ಎಂಟಿಪಿ ಹಂತದಿಂದಲೇ ಪರೀಕ್ಷಿಸಬೇಕೆಂದರೆ ಸ್ವಾಕ್ಸ್ ಎಂಬ ಆದೇಶ ಸಾಧನ ಇದೆ. ಲಕೋಟೆಯ ಮೇಲಿನ ವಿಳಾಸ ಒಂದು, ಒಳಗಿನ ಕಾಗದದಲ್ಲಿ ಬರೆದ ವಿಳಾಸ ಇನ್ನೊಂದು ಎಂಬಂಥ ಸಂದರ್ಭವನ್ನು ಅದು ಸಲೀಸಾಗಿ ಸೃಷ್ಟಿಸುತ್ತದೆ. ಮೇಲ್‌ಹಾಗ್, ಮೇಲ್‌ಪಿಟ್ ಇವನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ, ಆದರೆ ಅವುಗಳ ಮುಖ್ಯ ಕೆಲಸ ಹೊರಹೋಗುವ ಮೇಲನ್ನು ತಡೆದು ತೋರಿಸುವುದು. ದಿಕ್ಕು ಬೇರೆ. ಹಾಗೆಂದು ಅವು ಬೇಡವೆಂದಲ್ಲ, ಕಾರಣ ಮುಂದೆ ಬರುತ್ತದೆ.

ರೂಬಿ ಆನ್ ರೇಲ್ಸ್‌ನ 6.0 ಆವೃತ್ತಿ 2019ರ ಆಗಸ್ಟ್‌ನಲ್ಲಿ ಆಕ್ಷನ್ ಮೇಲ್‌ಬಾಕ್ಸ್ ಎಂಬ ಭಾಗವನ್ನು ತಂದಿತು. ಅಭಿವೃದ್ಧಿಯ ಹಂತದಲ್ಲಿ ಮಾತ್ರ ಕಾಣುವ ಒಂದು ಪುಟ ಅದರಲ್ಲಿದೆ: ಕಳಿಸಿದವರು, ವಿಷಯ, ಒಡಲು ತುಂಬಿ ಗುಂಡಿ ಒತ್ತಿದರೆ ಮೇಲ್ ಬಂದಂತಾಗುತ್ತದೆ. ಬಹಳ ಅನುಕೂಲದ ಪುಟ ಇದು, ಅಷ್ಟೇ ಮೋಸದ್ದೂ ಹೌದು. ಅದು ಮೇಲನ್ನು ಸೀದಾ ಒಳಕೋಣೆಗೆ ಇಳಿಸುತ್ತದೆ. ವೆಬ್‌ಹುಕ್ ಬರುವ ಬಾಗಿಲು, ಅಲ್ಲಿನ ಗುಪ್ತಪದ, ಸಹಿಯ ತಪಾಸಣೆ ಯಾವುದನ್ನೂ ಮುಟ್ಟುವುದಿಲ್ಲ. ಆ ಪುಟದಲ್ಲಿ ಎಲ್ಲ ಸರಿ ಬಂದರೂ ಬಾಗಿಲು ತೆರೆಯುತ್ತದೆಯೇ ಎಂಬುದು ಗೊತ್ತಾಗಿರುವುದಿಲ್ಲ.

ಕನ್ನಡದ ಮೇಲಿನೊಳಗೆ

ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಚಿಹ್ನೆಯೂ ಯುಟಿಎಫ್-8ರಲ್ಲಿ ಮೂರು ಬೈಟ್ ಹಿಡಿಯುತ್ತದೆ. ಓದುವವರ ಕಣ್ಣಿಗೆ ಸಿಂಧನೂರು ನಾಲ್ಕು ಅಕ್ಷರ; ಕಂಪ್ಯೂಟರಿನ ಲೆಕ್ಕದಲ್ಲಿ ಗುಣಿತ ಚಿಹ್ನೆ, ಅನುಸ್ವಾರ ಸೇರಿ ಎಂಟು ಚಿಹ್ನೆ, 24 ಬೈಟ್. ಲಿಂಗಸುಗೂರು ಹತ್ತು ಚಿಹ್ನೆ, 30 ಬೈಟ್. ಮಸ್ಕಿ ಐದು ಚಿಹ್ನೆ, 15 ಬೈಟ್.

ಈ ಲೆಕ್ಕ ಯಾಕೆ ಬೇಕೆಂದರೆ, ಮೇಲಿನ ವಿಷಯದ ಸಾಲಿನಲ್ಲಿ ಇಂಗ್ಲಿಷೇತರ ಪಠ್ಯವನ್ನು ತುಂಡುತುಂಡಾಗಿ ಸಂಕೇತಿಸಬೇಕು, ಒಂದೊಂದು ತುಂಡೂ 75 ಅಕ್ಷರ ಮೀರಬಾರದು ಎಂಬುದು ಮೈಮ್‌ನ ನಿಯಮ. ಯುಟಿಎಫ್-8 ಎಂದು ಹೇಳುವ ಹೊದಿಕೆಗೇ 12 ಅಕ್ಷರ ಹೋಗುತ್ತದೆ, ಉಳಿಯುವುದು 63. ಸಂಕೇತಿಸಲು ಎರಡು ಪದ್ಧತಿಗಳಿವೆ. ಕ್ಯು ಪದ್ಧತಿಯಲ್ಲಿ ಒಂದು ಬೈಟಿಗೆ ಮೂರು ಅಕ್ಷರ, ಅಂದರೆ ಕನ್ನಡದ ಒಂದು ಚಿಹ್ನೆಗೆ ಒಂಬತ್ತು. ಒಂದು ತುಂಡಿಗೆ ಏಳು ಚಿಹ್ನೆ ಹಿಡಿದರೆ ಹೆಚ್ಚು. ಬಿ ಪದ್ಧತಿ, ಅಂದರೆ ಬೇಸ್64, ಹದಿನೈದು ಚಿಹ್ನೆ ಹಿಡಿಸುತ್ತದೆ. ಹಾಗಾಗಿ ಕ್ಯು ಪದ್ಧತಿಯಲ್ಲಿ ಈ ಮೂರು ಊರುಗಳ ಪೈಕಿ ಮಸ್ಕಿ ಮಾತ್ರ ಒಂದು ತುಂಡಿನಲ್ಲಿ ಕೂರುತ್ತದೆ. ಸಿಂಧನೂರು ಏಳು ಚಿಹ್ನೆಗೆ ಕತ್ತರಿಸಿ, 'ಸಿಂಧನೂರ' ಒಂದು ಕಡೆ, ಕೊನೆಯ ಕೊಂಬು ಮಾತ್ರ ಇನ್ನೊಂದು ಕಡೆ ಆಗಬಹುದು. ಅಕ್ಕಪಕ್ಕದ ತುಂಡುಗಳ ನಡುವಿನ ಬಿಳಿಜಾಗವನ್ನು ತೆಗೆದು ಕೂಡಿಸಬೇಕೆಂದು ನಿಯಮ ಹೇಳುತ್ತದೆ. ಅದನ್ನು ಪಾಲಿಸದ ತಂತ್ರಾಂಶದಲ್ಲಿ ಊರಿನ ಹೆಸರು ಒಡೆದು, ಒಂಟಿ ಕೊಂಬು ಚುಕ್ಕೆಗಳ ವೃತ್ತದ ಮೇಲೆ ನಿಂತು ಕಾಣುತ್ತದೆ. ಕೆಲವು ಹಳೆಯ ಮೇಲ್ ತಂತ್ರಾಂಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೂರು ಬೈಟಿನ ಚಿಹ್ನೆಯನ್ನೇ ನಡುವೆ ತುಂಡರಿಸುತ್ತವೆ. ನಿಯಮಕ್ಕೆ ಅದು ವಿರುದ್ಧ, ಆದರೂ ಅಂಥ ಮೇಲ್ ಬರುತ್ತದೆ. ತುಂಡುಗಳನ್ನು ಒಂದೊಂದಾಗಿ ಅಕ್ಷರಕ್ಕೆ ತಿರುಗಿಸದೆ, ಮೊದಲು ಬೈಟುಗಳನ್ನು ಕೂಡಿಸಿ ಆಮೇಲೆ ತಿರುಗಿಸುವುದು ಸುರಕ್ಷಿತ.

ಪರೀಕ್ಷೆಯ ಮಾದರಿಯಲ್ಲಿ ಹಾಗಾಗಿ 'ಮಸ್ಕಿ' ಎಂಬ ವಿಷಯದ ಮೇಲ್ ಒಂದಿದ್ದರೆ ಏನೂ ಸಾಬೀತಾಗದು. 'ಲಿಂಗಸುಗೂರು ಗೋದಾಮಿನ ತೂಕದ ಚೀಟಿ' ಎಂಬಷ್ಟು ಉದ್ದದ ವಿಷಯ ಎರಡೂ ಪದ್ಧತಿಗಳಲ್ಲಿ ಇರಲೇಬೇಕು.

ಎರಡನೆಯ ತೊಡಕು ಒಂದೇ ಪದಕ್ಕೆ ಎರಡು ಬೈಟು ರೂಪಗಳು. 'ಜೋಳ' ಎಂಬುದನ್ನು ಮೂರು ಚಿಹ್ನೆಗಳಲ್ಲಿ ಬರೆಯಬಹುದು. ಓಕಾರದ ಗುಣಿತವನ್ನು ಅದರ ಅಂಗಗಳಿಗೆ ಬಿಡಿಸಿದರೆ ಐದು ಚಿಹ್ನೆ ಆಗುತ್ತದೆ. ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್ ಇವೆರಡನ್ನೂ ಸಮಾನವೆಂದು ಸಾರಿದೆ, ಆದರೆ ಬೈಟುಗಳನ್ನು ಹೋಲಿಸುವ ತಂತ್ರಾಂಶಕ್ಕೆ ಅದು ತಿಳಿಯದು. ವಿಷಯದ ಸಾಲಿನಲ್ಲಿ ಜೋಳ ಎಂದಿದ್ದರೆ ಒಂದು ವಿಭಾಗಕ್ಕೆ, ಭತ್ತ ಎಂದಿದ್ದರೆ ಇನ್ನೊಂದಕ್ಕೆ ಕಳಿಸುವ ನಿಯಮ ಇದ್ದಲ್ಲಿ ಭತ್ತದ ಮೇಲ್ ಸದಾ ಸರಿ ಹೋಗುತ್ತದೆ, ಜೋಳದ್ದು ಆಗಾಗ ಕಳೆದುಹೋಗುತ್ತದೆ. ಬಂದ ಪಠ್ಯವನ್ನು ಮೊದಲಿಗೇ ಎನ್‌ಎಫ್‌ಸಿ ಎಂಬ, ಅಂಗಗಳನ್ನು ಕೂಡಿಸಿದ ರೂಪಕ್ಕೆ ತರುವುದು ಇದಕ್ಕೆ ಮದ್ದು. 'ಮಾರ್ಕೆಟ್‌ಗೆ' ಎಂಬಂಥ ಪದದ ನಡುವೆ ಒತ್ತಕ್ಷರ ಆಗದಂತೆ ತಡೆಯುವ ಕಾಣದ ಚಿಹ್ನೆ ಮಾತ್ರ ಆ ಮದ್ದಿಗೆ ಬಗ್ಗುವುದಿಲ್ಲ. ಅದನ್ನು ಹುಡುಕಾಟದ ಹೊತ್ತಿನಲ್ಲಿ ಬೇರೆಯಾಗಿ ಕಡೆಗಣಿಸಬೇಕು.

ಕನ್ನಡ ಅಂಕಿಗಳದು ಇನ್ನೊಂದು ಕಥೆ. 'ಚೀಟಿ ೧೨೫' ಎಂಬ ವಿಷಯದಿಂದ ಸಂಖ್ಯೆ ಹೆಕ್ಕುವ ಒಂದೇ ಮಾದರಿ ಪೈಥಾನ್‌ನಲ್ಲಿ ಕೆಲಸ ಮಾಡಿ, ಜಾವಾಸ್ಕ್ರಿಪ್ಟ್ ಮತ್ತು ರೂಬಿಯಲ್ಲಿ ಸೋಲುತ್ತದೆ. ಪೈಥಾನ್ ಎಲ್ಲ ಲಿಪಿಗಳ ಅಂಕಿಗಳನ್ನೂ ಅಂಕಿ ಎನ್ನುತ್ತದೆ, ಉಳಿದೆರಡು ರೂಢಿಯಾಗಿ ಇಂಗ್ಲಿಷ್ ಅಂಕಿಗಳನ್ನಷ್ಟೇ ಒಪ್ಪುತ್ತವೆ.

ಎಲ್ಲಕ್ಕಿಂತ ಬಿಗಿಯಾದ ಗಂಟು ನುಡಿ ಫಾಂಟಿನ ಮೇಲ್. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಸರ್ಕಾರಿ ಕಚೇರಿಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ಬೇರೂರಿದೆ; ಅದರ ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚಾದದ್ದು ಇಂದಿಗೂ ಹರಿದಾಡುತ್ತಿದೆ. ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಯುರೋಪಿನ ಭಾಷೆಗಳ ಚಿಹ್ನೆ ಹೊತ್ತ ಅಕ್ಷರಗಳು. ಫಾಂಟು ಅವಕ್ಕೆ ಕನ್ನಡದ ಮುಖ ಕೊಡುತ್ತದೆ. ವರ್ಡ್ ಕಡತದಿಂದ ನಕಲಿಸಿ ಮೇಲಿಗೆ ಅಂಟಿಸಿದರೆ ಸಂಕೇತ ಪದ್ಧತಿಯಲ್ಲಿ ಯಾವ ತಪ್ಪೂ ಇರುವುದಿಲ್ಲ, ಯಾವ ಎಚ್ಚರಿಕೆಯೂ ಬರುವುದಿಲ್ಲ, ಓದಲು ಮಾತ್ರ ಬರುವುದಿಲ್ಲ. ಮೇಲಿನ ಎಚ್‌ಟಿಎಂಎಲ್ ಭಾಗದಲ್ಲಿ ಫಾಂಟಿನ ಹೆಸರು ಉಳಿದಿರುತ್ತದೆ, ಬರಿಯ ಪಠ್ಯದ ಭಾಗದಲ್ಲಿ ಅದೂ ಇರದು. ಬರಿಯ ಪಠ್ಯವನ್ನೇ ಓದುವ ತಂತ್ರಾಂಶ ಇದ್ದ ಒಂದೇ ಸುಳಿವನ್ನು ಎಸೆದಂತೆ. ನುಡಿ ಎಂಬ ಹೆಸರು ಎಚ್‌ಟಿಎಂಎಲ್‌ನಲ್ಲಿ ಕಂಡರೆ ಪರಿವರ್ತಕಕ್ಕೆ ಕೊಡುವುದು, ಕಾಣದಿದ್ದರೂ ಚಿಹ್ನೆ ಹೊತ್ತ ಅಕ್ಷರಗಳು ಮಿತಿಮೀರಿ ಇದ್ದರೆ ಮನುಷ್ಯರ ಕಣ್ಣಿಗೆ ಕಳಿಸುವುದು, ಇಷ್ಟನ್ನು ಮಾದರಿ ಕಡತಗಳಿಂದ ಖಚಿತಪಡಿಸಿಕೊಳ್ಳಬಹುದು. ಕನ್ನಡ ಮೇಲ್ ಸ್ವೀಕರಿಸುವ ಯಾವ ವ್ಯವಸ್ಥೆಯೂ ಈ ಪರೀಕ್ಷೆ ಇಲ್ಲದೆ ಪೂರ್ಣವಲ್ಲ ಎಂಬುದು ಈ ಲೇಖಕರ ನಿಲುವು.

ಸಿಂಧನೂರು ತಾಲೂಕು ಕನ್ನಡವೊಂದನ್ನೇ ಬರೆಯುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತ ಬೆಳೆಯಲು ಬಂದು ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ಮನೆಗಳಿವೆ, ಪೂರ್ವ ಬಂಗಾಳದಿಂದ ಬಂದವರಿಗಾಗಿ ಆದ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಕುಟುಂಬಗಳಿವೆ, ಉರ್ದು ಇದೆ. ತೆಲುಗು, ಬಂಗಾಳಿಗಳೂ ಚಿಹ್ನೆಗೆ ಮೂರು ಬೈಟಿನವೇ. ಉರ್ದು ಬಲದಿಂದ ಎಡಕ್ಕೆ ಸಾಗುತ್ತದೆ, ಅದರ ನಡುವೆ ಇಂಗ್ಲಿಷ್ ಅಂಕಿಯ ಚೀಟಿ ಸಂಖ್ಯೆ ಬಂದರೆ ಪರದೆಯ ಮೇಲೆ ಜಾಗ ಅದಲುಬದಲಾಗಿ ಕಾಣಬಹುದು. ಹೆಸರಿನ ಜಾಗದಲ್ಲಿ ಕನ್ನಡ ಮತ್ತು ಇಂಗ್ಲಿಷ್ ಬಿಟ್ಟು ಬೇರೆ ಲಿಪಿ ಬಂದರೆ ತಿರಸ್ಕರಿಸುವ ತಪಾಸಣೆ ಇಟ್ಟವರು ಈ ಮನೆಗಳ ಮೇಲನ್ನೆಲ್ಲ ಹೊರಗೆ ನಿಲ್ಲಿಸಿದಂತೆ.

ಮಸ್ಕಿಯಿಂದ ಸಿಗುವ ಮಾದರಿ ಇನ್ನೂ ಹಳೆಯದು. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಅಲ್ಲಿ ಅಶೋಕನ ಶಾಸನವನ್ನು ಕಂಡರು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರು ನೇರವಾಗಿ ಸಿಕ್ಕ ಮೊದಲ ಶಾಸನ ಅದು. ಅದರ ಲಿಪಿ ಬ್ರಾಹ್ಮಿ, ಯೂನಿಕೋಡ್ ಅದನ್ನು 2010ರ 6.0 ಆವೃತ್ತಿಯಲ್ಲಿ ಸೇರಿಸಿಕೊಂಡಿತು, ಅದರ ಪ್ರತಿ ಚಿಹ್ನೆಗೂ ನಾಲ್ಕು ಬೈಟ್ ಬೇಕು. ಮೈಎಸ್‌ಕ್ಯುಎಲ್‌ನಲ್ಲಿ ಯುಟಿಎಫ್8 ಎಂದು ಕರೆಸಿಕೊಂಡ ಹಳೆಯ ಏರ್ಪಾಡು ಮೂರು ಬೈಟಿಗಿಂತ ಹೆಚ್ಚಿನದನ್ನು ಇಟ್ಟುಕೊಳ್ಳಲಾರದು. ಕನ್ನಡದ ಎಲ್ಲ ಪರೀಕ್ಷೆಗಳೂ ಅಲ್ಲಿ ಗೆಲ್ಲುತ್ತವೆ, ಶಾಸನದ ಒಂದು ಪದ ಬಂದರೆ ದಾಖಲೆ ಉಳಿಯದೆ ದೋಷ ಬರುತ್ತದೆ ಅಥವಾ ಅಲ್ಲಿಂದಾಚೆಯ ಪಠ್ಯ ಕತ್ತರಿಸಿಹೋಗುತ್ತದೆ. ಬ್ರಾಹ್ಮಿಯಲ್ಲಿ ಯಾರು ಮೇಲ್ ಬರೆಯುತ್ತಾರೆ ಎಂದು ಕೇಳಬಹುದು. ಮೇಲಿನ ಕೊನೆಗೆ ಕೈಮುಗಿದ ಇಮೋಜಿ ಹಾಕುವವರು ಊರ ತುಂಬ ಇದ್ದಾರೆ, ಅದೂ ನಾಲ್ಕೇ ಬೈಟಿನದು.

ಊರ ಹೆಸರಿನ ಕಾಗುಣಿತವನ್ನೂ ನೆಚ್ಚಬಾರದು. ಲಿಂಗಸುಗೂರು, ಲಿಂಗಸೂಗೂರು, ಲಿಂಗಸಗೂರು ಮೂರೂ ಕಾಣುತ್ತವೆ. ಇಂಗ್ಲಿಷ್ ಬರಹದಲ್ಲಿ ಇನ್ನಷ್ಟು. ಮಸ್ಕಿ ಹಿಂದೆ ಲಿಂಗಸುಗೂರು ತಾಲೂಕಿನಲ್ಲಿತ್ತು, ಈಗ ತಾನೇ ತಾಲೂಕು. ಮೇಲಿನ ಅಡಿಯಲ್ಲಿ ತಾನಾಗಿ ಬರುವ ವಿಳಾಸವನ್ನು ಜನ ತಿದ್ದುವುದು ಅಪರೂಪ, ಹಾಗಾಗಿ ಹಳೆಯ ತಾಲೂಕೂ ಹೊಸ ತಾಲೂಕೂ ಬರುತ್ತಲೇ ಇರುತ್ತವೆ. ಸಿಂಧನೂರಿಗೆ 584128, ಲಿಂಗಸುಗೂರಿಗೆ 584122, ಮಸ್ಕಿಗೆ 584124 ಎಂಬ ಪಿನ್ ಸಂಖ್ಯೆಯನ್ನು ಮೊದಲು ನೋಡಿ, ಅದಿಲ್ಲದಿದ್ದರೆ ಮಾತ್ರ ಹೆಸರಿಗೆ ಹೋಗುವುದು ಮೇಲು.

ಉತ್ತರದ ಮೇಲಿನಲ್ಲಿ ಹಳೆಯ ಮೇಲಿನ ಪಠ್ಯವೂ ಅಂಟಿಕೊಂಡು ಬರುತ್ತದೆ. ಇಂಥವರು ಇಂಥ ದಿನ ಬರೆದರು ಎಂಬ ಸಾಲನ್ನು ಗುರುತಿಸಿ ಅಲ್ಲಿಂದ ಕೆಳಗಿನದನ್ನು ಕತ್ತರಿಸುವ ಲೈಬ್ರರಿಗಳಿವೆ. ಮೇಲ್ ಪೆಟ್ಟಿಗೆಯ ಭಾಷೆ ಕನ್ನಡವಾಗಿದ್ದರೆ ಆ ಸಾಲೂ ಕನ್ನಡದಲ್ಲೇ ಇರುತ್ತದೆ, ಅದರ ಮಾದರಿಯನ್ನು ನಾವೇ ಸೇರಿಸಬೇಕು.

ಸಹಿ, ಮರುಯತ್ನ, ಗಾತ್ರ

ವೆಬ್‌ಹುಕ್ ವಿಳಾಸ ಗೊತ್ತಿದ್ದ ಯಾರಾದರೂ ಸುಳ್ಳು ಮೇಲ್ ಒಪ್ಪಿಸಬಹುದು. ಅದನ್ನು ತಡೆಯಲು ಮೇಲ್‌ಗನ್ ಸಮಯವನ್ನೂ ಟೋಕನನ್ನೂ ಕೂಡಿಸಿ, ಗುಪ್ತ ಕೀಲಿಯೊಂದಿಗೆ ಎಚ್‌ಮ್ಯಾಕ್-ಶಾ256 ಲೆಕ್ಕ ಹಾಕಿ ಸಹಿ ಇಡುತ್ತದೆ. ಪೋಸ್ಟ್‌ಮಾರ್ಕ್ ಬಳಸುವವರು ವಿಳಾಸದೊಳಗೇ ಬಳಕೆದಾರರ ಹೆಸರು, ಗುಪ್ತಪದ ಇಡುವ ರೂಢಿ ಇದೆ. ಹಿಡಿದಿಟ್ಟ ಮಾದರಿಯನ್ನು ನಾಳೆ ಓಡಿಸಿದರೆ ಸಮಯ ಹಳತಾಗಿ ಸಹಿಯ ತಪಾಸಣೆ ಅದನ್ನು ಒಪ್ಪದು, ಒಪ್ಪಬಾರದು ಕೂಡ. ಆಗ ಹಲವರು ಅಭಿವೃದ್ಧಿಯ ಹಂತದಲ್ಲಿ ತಪಾಸಣೆಯನ್ನೇ ಆರಿಸಿಬಿಡುತ್ತಾರೆ. ಅದು ತಪ್ಪು ದಾರಿ. ಆರಿಸುವ ಗುಂಡಿ ಒಂದಿದ್ದರೆ ಒಂದಲ್ಲ ಒಂದು ದಿನ ಅದು ನಿಜವಾದ ಸರ್ವರಿನಲ್ಲೂ ಆರಿರುತ್ತದೆ. ಪರೀಕ್ಷೆಗೆಂದೇ ಬೇರೆ ಕೀಲಿ ಇಟ್ಟು, ಕಳಿಸುವ ಮುನ್ನ ಹೊಸ ಸಮಯ ಹಾಕಿ ಸಹಿಯನ್ನು ಲೆಕ್ಕ ಹಾಕುವ ಹತ್ತು ಸಾಲಿನ ಪ್ರೋಗ್ರಾಮ್ ಸಾಕು. ಅದರಲ್ಲೇ ತಪ್ಪು ಸಹಿ, ಹಳೆಯ ಸಮಯ, ಒಮ್ಮೆ ಬಳಸಿದ ಟೋಕನ್ ಇರುವ ಮಾದರಿಗಳನ್ನೂ ಕಟ್ಟಬಹುದು.

ಸೇವೆಗೆ 200 ಎಂಬ ಉತ್ತರ ಸಿಗದಿದ್ದರೆ ಅದು ಮತ್ತೆ ಮತ್ತೆ ಯತ್ನಿಸುತ್ತದೆ. ಪೋಸ್ಟ್‌ಮಾರ್ಕ್ 403 ಸಿಕ್ಕರೆ, ಮೇಲ್‌ಗನ್ 406 ಸಿಕ್ಕರೆ ಯತ್ನ ನಿಲ್ಲಿಸುತ್ತವೆ. ತಂತ್ರಾಂಶ ಮೇಲನ್ನು ಉಳಿಸಿಕೊಂಡು ಉತ್ತರ ಕೊಡುವಷ್ಟರಲ್ಲಿ ಸಂಪರ್ಕ ಕಡಿದರೂ ಅದೇ ಮೇಲ್ ಎರಡನೆಯ ಸಲ ಬರುತ್ತದೆ. ಒಂದು ಲೋಡ್ ಅಕ್ಕಿಯ ಆರ್ಡರ್ ಎರಡಾಗುವುದು ಹೀಗೆ. ಒಂದೇ ಮಾದರಿಯನ್ನು ಬೆನ್ನುಬೆನ್ನಿಗೆ ಎರಡು ಸಲ ಕಳಿಸಿ, ದಾಖಲೆ ಒಂದೇ ಹುಟ್ಟಿತೇ ಎಂದು ನೋಡುವುದು ಅನುಕರಣೆಯ ಅತಿ ಅಗ್ಗದ, ಅತಿ ಉಪಯುಕ್ತ ಪರೀಕ್ಷೆ. ಮೇಲಿನ ಮೆಸೇಜ್-ಐಡಿ ಇದಕ್ಕೆ ಆಧಾರ.

ಗಾತ್ರದ ತೊಡಕು ಲ್ಯಾಪ್‌ಟಾಪಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಪಹಣಿಯ ಫೋಟೊ ಮೊಬೈಲಿನಲ್ಲಿ 3 ಎಂಬಿ ಇದ್ದರೆ ಬೇಸ್64 ಆದಾಗ 4 ಎಂಬಿ ಆಗುತ್ತದೆ. ಎನ್‌ಜಿನ್‌ಎಕ್ಸ್ ಸರ್ವರ್ ತಾನಾಗಿ ಒಪ್ಪುವ ವಿನಂತಿಯ ಮಿತಿ 1 ಎಂಬಿ, ನೋಡ್‌ನ ಎಕ್ಸ್‌ಪ್ರೆಸ್ ಜೇಸನ್‌ಗೆ ಇಟ್ಟಿರುವ ಮಿತಿ 100 ಕೆಬಿ. ಮನೆಯಲ್ಲಿ ಎನ್‌ಜಿನ್‌ಎಕ್ಸ್ ಇಲ್ಲದೆ ಓಡಿಸಿದಾಗ ದಾಟಿದ ಫೋಟೊ ಸರ್ವರಿನಲ್ಲಿ 413 ದೋಷವಾಗಿ ಹೊರಗೇ ಉಳಿಯುತ್ತದೆ, ಸೇವೆ ಅದನ್ನೇ ಮರಳಿ ಮರಳಿ ಕಳಿಸುತ್ತಿರುತ್ತದೆ. ಸ್ಥಳೀಯ ಪರೀಕ್ಷೆಯಲ್ಲೂ ಮುಂದೆ ಎನ್‌ಜಿನ್‌ಎಕ್ಸ್ ಇಟ್ಟುಕೊಂಡರೆ ಇದು ಮೊದಲೇ ಸಿಕ್ಕಿಬೀಳುತ್ತದೆ. ಲಗತ್ತಿನ ಹೆಸರೂ ಕನ್ನಡದಲ್ಲಿರಲಿ. ಕಡತದ ಹೆಸರಿನ ಸಂಕೇತಕ್ಕೆ ವಿಷಯದ ಸಾಲಿನದಲ್ಲದ ಬೇರೆಯೇ ನಿಯಮವಿದೆ.

ಮೇಲ್‌ಪಿಟ್ ಬೇಕಾಗುವುದು ಇಲ್ಲಿ. ಮೇಲ್ ಬಂದ ಕೂಡಲೇ 'ನಿಮ್ಮ ಮೇಲ್ ತಲುಪಿದೆ' ಎಂದು ಉತ್ತರಿಸುವ ತಂತ್ರಾಂಶವನ್ನು ನಿಜವಾದ ವಿಳಾಸವಿರುವ ಮಾದರಿಯೊಂದಿಗೆ ಓಡಿಸಿದರೆ ಉತ್ತರ ನಿಜವಾಗಿಯೇ ಹೊರಟುಬಿಡುತ್ತದೆ. ಆ ಕಡೆಯೂ ತಾನಾಗಿ ಉತ್ತರಿಸುವ ಪೆಟ್ಟಿಗೆ ಇದ್ದರೆ ಎರಡೂ ಬೆಳಗಿನ ತನಕ ಮಾತಾಡುತ್ತವೆ. ತಾನಾಗಿ ಹುಟ್ಟಿದ ಮೇಲಿಗೆ ಗುರುತಿನ ತಲೆಬರಹ ಇರಬೇಕು, ಅದನ್ನು ಕಂಡರೆ ಉತ್ತರಿಸಬಾರದು ಎಂಬ ನಿಯಮ 2004ರಲ್ಲೇ ಬಂದಿದೆ. ಆ ತಲೆಬರಹವಿರುವ ಮಾದರಿಯೂ ಸಂಗ್ರಹದಲ್ಲಿ ಇರಲಿ.

ಗೋಪ್ಯತೆ

ಹಿಡಿದಿಟ್ಟ ಮೇಲಿನಲ್ಲಿ ಫೋನ್ ನಂಬರು, ಪಹಣಿ, ಬ್ಯಾಂಕ್ ಖಾತೆ ಇರುತ್ತವೆ. ಅದನ್ನು ಹಾಗೇ ಕೋಡ್ ಸಂಗ್ರಹಕ್ಕೆ ಸೇರಿಸಿ ಹತ್ತು ಜನರಿಗೆ ಹಂಚುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯಕ್ಕೆ ಸಲ್ಲದು. ಬೈಟುಗಳ ಸ್ವಭಾವ ಉಳಿಸಿಕೊಂಡು ಹೆಸರು, ಸಂಖ್ಯೆಗಳನ್ನು ಬದಲಿಸಬೇಕು. ವಿಳಾಸಕ್ಕೆ ಎಕ್ಸಾಂಪಲ್ ಡಾಟ್ ಕಾಮ್ ಅಥವಾ ಡಾಟ್ ಟೆಸ್ಟ್ ಎಂಬ, 1999ರಿಂದ ಇಂಥ ಕೆಲಸಕ್ಕೇ ಮೀಸಲಾದ ಹೆಸರುಗಳಿವೆ. ಬದಲಿ ಫೋನ್ ನಂಬರನ್ನು ಮನಸ್ಸಿಗೆ ಬಂದಂತೆ ಬರೆದರೆ ಅದು ಯಾರದೋ ನಂಬರಾಗಿರುತ್ತದೆ. ಭಾರತದ ಮೊಬೈಲ್ ಸಂಖ್ಯೆಗಳು 6ರಿಂದ 9ರ ಒಳಗಿನ ಅಂಕಿಯಿಂದ ಶುರುವಾಗುವುದರಿಂದ ಬೇರೆ ಅಂಕಿಯಿಂದ ಶುರುಮಾಡುವುದು ಕ್ಷೇಮ.

ಅನುಕರಣೆಗೆ ಸಿಗದವು

ಡೊಮೇನಿನ ಎಂಎಕ್ಸ್ ದಾಖಲೆ ಸರಿ ಇದೆಯೇ, ಕಳಿಸಿದವರ ಸರ್ವರ್ ನಿಜವಾದದ್ದೇ ಎಂದು ಹೇಳುವ ಎಸ್‌ಪಿಎಫ್, ಡಿಕಿಮ್ ತಪಾಸಣೆ ಏನಾಯಿತು, ಸ್ಪ್ಯಾಮ್ ಎಂದು ಸೇವೆ ತಡೆದದ್ದೆಷ್ಟು, ಇವನ್ನು ಲೋಕಲ್‌ಹೋಸ್ಟ್ ಹೇಳಲಾರದು. ಮಾದರಿ ಕಡತದಲ್ಲಿ 'ಉತ್ತೀರ್ಣ' ಎಂದಿದ್ದರೆ ಅದು ನಾವೇ ಬರೆದ ಪದ. ಕನ್ನಡದಲ್ಲೇ ಇರುವ ಮೇಲ್ ವಿಳಾಸಗಳಿಗೆ ದಾರಿ ಮಾಡಿಕೊಡುವ ನಿಯಮ 2012ರಲ್ಲಿ ಬಂದಿದ್ದರೂ ದಾರಿಯ ಪ್ರತಿ ಸರ್ವರೂ ಅದನ್ನು ಒಪ್ಪಿದರೆ ಮಾತ್ರ ಅಂಥ ಮೇಲ್ ತಲುಪುತ್ತದೆ, ಅದನ್ನೂ ಮೇಜಿನ ಮೇಲೆ ಪರೀಕ್ಷಿಸಲಾಗದು. ಸೇವೆ ತೆರೆಯುವ ಮುನ್ನ ಒಂದು ಮೊಬೈಲಿನಿಂದ, ಒಂದು ಕಚೇರಿಯ ನುಡಿ ಇರುವ ಕಂಪ್ಯೂಟರಿನಿಂದ, ಒಂದು ಡಿಟಿಪಿ ಅಂಗಡಿಯಿಂದ ಒಂದೊಂದು ನಿಜವಾದ ಮೇಲ್ ತರಿಸಿ ನೋಡಿ, ಬಂದ ಮೂರನ್ನೂ ಹೆಸರು ಬದಲಿಸಿ ಮಾದರಿ ಸಂಗ್ರಹಕ್ಕೆ ಸೇರಿಸಿಕೊಳ್ಳಿ.